ಒಲಿವಿಯೆ ಸಾಲಡ್ಡಿನ ಏಡಿ ಎಲ್ಲಿ ಹೋಯಿತು?

2019ರ ಡಿಸೆಂಬರ್ 30ರ ಸಂಜೆ ಮಾಸ್ಕೋದ ಹಳೆಯ ಅಪಾರ್ಟ್‌ಮೆಂಟೊಂದರ ಅಡುಗೆಮನೆಯಲ್ಲಿ ನಾನು ಒಂದು ಕಿಲೋ ಸೀಗಡಿ ಸುಲಿಯುತ್ತ ನಿಂತಿದ್ದೆ. ಎಂ.ಎ. ಮುಗಿಸಿ ರಷ್ಯನ್ ಭಾಷೆ ಕಲಿಯಲು ಕೆಲವು ತಿಂಗಳಿಗೆಂದು ಅಲ್ಲಿಗೆ ಹೋಗಿದ್ದೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತ್ತು. ರಷ್ಯಾದಲ್ಲಿ ಹಿರಿಯರನ್ನು ಅವರ ಹೆಸರಿಗೆ ತಂದೆಯ ಹೆಸರು ಸೇರಿಸಿ ಕರೆಯಬೇಕು. ನಾನೂ ಹಾಗೆಯೇ ಕರೆಯುತ್ತಿದ್ದೆ, ಆದರೆ ಇಲ್ಲಿ ಅಜ್ಜಿ ಎಂದಷ್ಟೇ ಬರೆಯುತ್ತೇನೆ. ಹೊಸ ವರ್ಷದ ಊಟಕ್ಕೆ ನೀನೂ ಏನಾದರೂ ಒಂದು ಮಾಡು ಎಂದು ಅವರು ಹೇಳಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ಒಂದು ಭಾರತೀಯ ಪಲ್ಯ. ನಾನು ಮಾಡಲು ಹೊರಟದ್ದು 'ಅಸಲಿ' ಒಲಿವಿಯೆ ಸಾಲಡ್.

ಈಗ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ. ರಷ್ಯನ್ನರ ಹೊಸ ವರ್ಷದ ಮೇಜಿನ ನಡುವೆ ಒಲಿವಿಯೆ ಇರಲೇಬೇಕು, ನಮ್ಮ ಯುಗಾದಿಗೆ ಹೋಳಿಗೆ ಇರುವ ಹಾಗೆ. ಬೇಯಿಸಿದ ಆಲೂಗಡ್ಡೆ, ಕ್ಯಾರೆಟ್, ಮೊಟ್ಟೆ, ಉಪ್ಪಿನಲ್ಲಿ ಹಾಕಿದ ಸೌತೆ, ಡಬ್ಬಿಯ ಬಟಾಣಿ, 'ಡಾಕ್ಟರ್ ಸಾಸೇಜ್' ಎಂಬ ನಸುಗೆಂಪು ಸಾಸೇಜು, ಇವೆಲ್ಲವನ್ನೂ ಒಂದೇ ಗಾತ್ರಕ್ಕೆ ಹೆಚ್ಚಿ ಮೇಯೊನೇಸಿನಲ್ಲಿ ಕಲಸಿದರೆ ಅದು ಒಲಿವಿಯೆ. ಆ ಚಳಿಗಾಲದಲ್ಲಿ ನಾನು ಹಳೆಯ ಪಾಕಪುಸ್ತಕಗಳ ಹುಚ್ಚು ಹಿಡಿಸಿಕೊಂಡಿದ್ದೆ. ಈ ಸಾಲಡ್ಡಿನಲ್ಲಿ ಮೊದಲು ಸಾಸೇಜಾಗಲಿ ಬಟಾಣಿಯಾಗಲಿ ಇರಲಿಲ್ಲ, ಕಾಡುಕೋಳಿಯ ಮಾಂಸವೂ ಕ್ರೇಫಿಶ್ ಬಾಲಗಳೂ ಇದ್ದವು ಎಂದು ಓದಿದ್ದೆ. ಓದಿದ್ದನ್ನು ಇನ್ನೊಬ್ಬರ ಮನೆಯ ಅಡುಗೆಮನೆಯಲ್ಲಿ ಸಾಧಿಸಿ ತೋರಿಸಬೇಕೆಂಬ ಉಮೇದು ಇಪ್ಪತ್ತಮೂರರ ವಯಸ್ಸಿನಲ್ಲಿ ಬರುತ್ತದೆ.

ಕ್ರೇಫಿಶ್ ನಮ್ಮ ಕಡೆ ಇಲ್ಲದ ಜೀವಿ. ಹೊಳೆ, ಕೆರೆಗಳಲ್ಲಿ ಇರುತ್ತದೆ. ನೋಡಲು ಗೇಣುದ್ದಕ್ಕಿಂತ ಚಿಕ್ಕ ಲಾಬ್‌ಸ್ಟರಿನಂತೆ, ಮುಂದೆ ಎರಡು ಕೊಂಬು. ರಷ್ಯನ್ನರು ಇದನ್ನು 'ರಾಕ್' ಎನ್ನುತ್ತಾರೆ. ಬೇಸಿಗೆಯಲ್ಲಿ ಸಬ್ಬಸಿಗೆ ಸೊಪ್ಪು ಹಾಕಿ ಬೇಯಿಸಿ, ಬಿಯರಿನ ಜೊತೆ ಚೀಪುತ್ತಾರೆ. ಮಾಸ್ಕೋಗೆ ಸಮುದ್ರ ಬಹಳ ದೂರ. ಆ ಊರಿನ ಶ್ರೀಮಂತರ ಮೇಜಿಗೆ ನೀರಿನ ಜೀವಿಯ ಮಾಂಸ ಎಂದರೆ ಮೊದಲಿಗೆ ಹೊಳೆಯದ್ದೇ. ಡಿಸೆಂಬರಿನಲ್ಲಿ ನಾನು ಹೋದ ಮಾರುಕಟ್ಟೆಯಲ್ಲಿ ರಾಕ್ ಸಿಗಲಿಲ್ಲ. ತಲೆ ಇರುವ ಶೀತಲೀಕರಿಸಿದ ಸೀಗಡಿ ತಂದೆ. ಗಂಗೊಳ್ಳಿಯ ಕಡೆಯವಳಾದ ನನಗೆ ಸೀಗಡಿ ಸುಲಿಯುವುದು ಕಲಿತ ವಿದ್ಯೆಯಲ್ಲ, ಕೈಗೆ ಅಂಟಿಕೊಂಡು ಬಂದದ್ದು. ನಮ್ಮಲ್ಲಿ ಅದನ್ನು ಚಟ್ಲಿ ಎನ್ನುತ್ತೇವೆ.

* * *

ಲೂಸಿಯೆನ್ ಒಲಿವಿಯೆ ಎಂಬ ಬಾಣಸಿಗ ನಿಜಕ್ಕೂ ಇದ್ದ. ಮಾಸ್ಕೋದ ವ್ವೆದೆನ್‌ಸ್ಕೊಯೆ ಸ್ಮಶಾನದಲ್ಲಿ ಅವನ ಸಮಾಧಿ 2008ರಲ್ಲಿ ಪತ್ತೆಯಾಯಿತು. 1883ರಲ್ಲಿ, 45ರ ವಯಸ್ಸಿಗೇ ತೀರಿಕೊಂಡಿದ್ದ. 1864ರಲ್ಲಿ ಟ್ರೂಬ್ನಾಯ ಚೌಕದಲ್ಲಿ ತೆರೆದ 'ಎರ್ಮಿತಾಜ್' ಎಂಬ ಹೋಟೆಲು ಅವನ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಅದು ಹುಟ್ಟಿದ ಬಗೆಯನ್ನು ವ್ಲಾದಿಮಿರ್ ಗಿಲ್ಯರೊವ್‌ಸ್ಕಿ ತನ್ನ 'ಮಾಸ್ಕೋ ಮತ್ತು ಮಾಸ್ಕೋದವರು' ಪುಸ್ತಕದಲ್ಲಿ ಹೇಳುತ್ತಾನೆ: ಚೌಕದ ಒಂದು ಪುಟ್ಟ ಗೂಡಂಗಡಿಗೆ ನಶ್ಯ ಕೊಳ್ಳಲು ಬರುತ್ತಿದ್ದ ಇಬ್ಬರು, ಯಾಕೊವ್ ಪೆಗೊವ್ ಎಂಬ ವ್ಯಾಪಾರಿ ಮತ್ತು ಒಲಿವಿಯೆ, ಅಲ್ಲಿಯೇ ಪರಿಚಯವಾಗಿ ಜಾಗ ಕೊಂಡು ಹೋಟೆಲು ಕಟ್ಟಿದರು. ನಶ್ಯದ ಡಬ್ಬಿಯಿಂದ ಎದ್ದ ಹೋಟೆಲು! ಗಿಲ್ಯರೊವ್‌ಸ್ಕಿ ಪತ್ರಕರ್ತ, ಒಳ್ಳೆಯ ಕತೆಗಾರ. ಅವನನ್ನು ಓದುವಾಗ ಚರಿತ್ರೆಯ ವಿದ್ಯಾರ್ಥಿ ಒಂದು ಕಣ್ಣು ತೆರೆದಿಟ್ಟುಕೊಂಡೇ ಓದಬೇಕು. ಆದರೂ ಆ ಊಟದ ಮನೆಯ ವಾತಾವರಣ ಅವನಷ್ಟು ಚೆನ್ನಾಗಿ ಇನ್ನಾರೂ ಕೊಟ್ಟಿಲ್ಲ. ಬಡಿಸುವವರು ಹಾಲೆಂಡಿನ ದುಬಾರಿ ಲಿನನ್ನಿನ ಬಿಳಿ ಅಂಗಿ ತೊಟ್ಟು, ರೇಷ್ಮೆಯ ನಡುಪಟ್ಟಿ ಬಿಗಿದಿರುತ್ತಿದ್ದರಂತೆ. ಒಲಿವಿಯೆಯ ಸಾಲಡ್ ಇಲ್ಲದ ಊಟ ಊಟವೇ ಅಲ್ಲ ಎಂದು ಮಾಸ್ಕೋದ ದೊಡ್ಡವರು ಅಂದುಕೊಂಡಿದ್ದರಂತೆ. ಮನೆಯಲ್ಲಿ ಮಾಡಲು ಹೋದವರಿಗೆ ಆ ರುಚಿ ಬರುತ್ತಿರಲಿಲ್ಲವಂತೆ, ಅವನು ಗುಟ್ಟು ಬಿಟ್ಟುಕೊಡಲಿಲ್ಲವಂತೆ.

ಸಾಹಿತ್ಯದವರಿಗೆ ಎರ್ಮಿತಾಜ್ ಬೇರೆ ಕಾರಣಕ್ಕೂ ಗೊತ್ತಿರಬೇಕು. ಚಾಯ್ಕೊವ್‌ಸ್ಕಿಯ ಮದುವೆಯ ಊಟ 1877ರಲ್ಲಿ ನಡೆದದ್ದು ಅಲ್ಲಿ (ಆ ಮದುವೆ ಎಷ್ಟು ದಿನ ಬಾಳಿತು ಎಂಬುದು ಬೇರೆ ಕತೆ). 1897ರ ಮಾರ್ಚಿನಲ್ಲಿ ಪ್ರಕಾಶಕ ಸುವೊರಿನ್ ಜೊತೆ ಊಟಕ್ಕೆ ಕುಳಿತ ಚೆಕಾಫ್‌ನ ಬಾಯಿಂದ ರಕ್ತ ಬಂದದ್ದೂ ಅಲ್ಲಿಯೇ. ಅದಾದ ಮೇಲೆಯೇ ಅವನು ತನಗಿರುವುದು ಕ್ಷಯ ಎಂದು ಒಪ್ಪಿಕೊಂಡದ್ದು. ವರ್ಷಕ್ಕೊಮ್ಮೆ ಜನವರಿಯಲ್ಲಿ, ಸಂತ ತತ್ಯಾನಳ ದಿನ, ಮಾಸ್ಕೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆ ಹೋಟೆಲಿಗೆ ನುಗ್ಗುತ್ತಿದ್ದರು. ಅಂದು ರೇಷ್ಮೆ ಹೊದಿಸಿದ ಪೀಠೋಪಕರಣವನ್ನೆಲ್ಲ ಒಳಗಿಟ್ಟು, ನೆಲಕ್ಕೆ ಮರದ ಹೊಟ್ಟು ಚೆಲ್ಲಿ, ಮರದ ಮೇಜು ಸ್ಟೂಲು ಹಾಕಿ, ಬಿಯರು ವೋಡ್ಕಾ ತಣ್ಣನೆಯ ತಿಂಡಿ ಕೊಡುತ್ತಿದ್ದರು. ಸಾಲಡ್ ಇರುತ್ತಿರಲಿಲ್ಲವೆಂದು ಕಾಣುತ್ತದೆ. ವಿದ್ಯಾರ್ಥಿಗಳ ಪಾಲಿಗೆ ಬರುವುದು ಎಲ್ಲ ಕಾಲದಲ್ಲೂ ಮರದ ಸ್ಟೂಲೇ.

ಗುಟ್ಟು ಎಂದು ಹೆಸರಾದ ಪಾಕ ಒಲಿವಿಯೆ ಸತ್ತು ಹತ್ತು ವರ್ಷವಾದ ಮೇಲೆ ಅಚ್ಚಾಯಿತು. 1894ರಲ್ಲಿ 'ನಾಷಾ ಪೀಷ' (ನಮ್ಮ ಆಹಾರ) ಎಂಬ ಪತ್ರಿಕೆ ಅದನ್ನು ಪ್ರಕಟಿಸಿತು. ಸ್ವಲ್ಪ ತಡವಾಗಿ ಪೆಲಗೇಯ ಅಲೆಕ್ಸಾಂದ್ರೊವಾ-ಇಗ್ನಾತ್ಯೆವಾ ಎಂಬ ಅಡುಗೆ ಶಿಕ್ಷಕಿಯ ದಪ್ಪ ಪುಸ್ತಕದಲ್ಲಿಯೂ ಬಂತು. ನಾನು ಆ ದಿನ ಹಾಳೆಯಲ್ಲಿ ಬರೆದುಕೊಂಡಿದ್ದದ್ದು ಆಕೆಯ ಪಾಕವನ್ನೇ: 3 ರ್‍ಯಾಬ್ಚಿಕ್ ಹಕ್ಕಿ, 5 ಆಲೂಗಡ್ಡೆ, 5 ಸೌತೆ, 15 ಕ್ರೇಫಿಶ್ ಬಾಲ, ಹಸಿರು ಲೆಟಿಸ್ ಎಲೆ, ಆಲಿವ್, ಟ್ರಫಲ್ ಎಂಬ ನೆಲದಡಿಯ ಅಣಬೆ, ಗಟ್ಟಿಕಟ್ಟಿದ ಮಾಂಸದ ಸಾರಿನ ಚೂರುಗಳು, ಇವೆಲ್ಲಕ್ಕೆ ಪ್ರೊವಾನ್ಸಾಲ್ ಸಾಸು. ರ್‍ಯಾಬ್ಚಿಕ್ ಎಂದರೆ ಉತ್ತರದ ಕಾಡುಗಳ ಪುಟ್ಟ ಕೋಳಿಜಾತಿಯ ಹಕ್ಕಿ. ಅದರ ಬದಲು ಕರುವಿನ ಮಾಂಸವನ್ನೋ ಕೋಳಿಯನ್ನೋ ಹಾಕಬಹುದು, ಆದರೆ ನಿಜವಾದ ಒಲಿವಿಯೆಯನ್ನು ರ್‍ಯಾಬ್ಚಿಕ್‌ನಿಂದಲೇ ಮಾಡುವುದು ಎಂಬರ್ಥದ ಮಾತನ್ನೂ ಆಕೆ ಸೇರಿಸುತ್ತಾಳೆ. ನೋಡಿ, 'ಅಸಲಿ' ಎಂಬ ಜಗಳ ಪಾಕ ಅಚ್ಚಾದ ದಿನವೇ ಶುರುವಾಗಿದೆ. ಹಕ್ಕಿ ಸಿಗದವರು ಆಗಲೇ ಕೋಳಿ ಹಾಕುತ್ತಿದ್ದರು ಎಂದೇ ಅಲ್ಲವೇ ಈ ಮಾತಿನ ಅರ್ಥ?

1894ರ ಪಾಕದಲ್ಲಿ ಇನ್ನೊಂದು ಸಾಮಾನಿದೆ: 'ಸೋಯಾ-ಕಾಬೂಲ್'. ಹೆಸರು ಕೇಳಿ ಅಫಘಾನಿಸ್ತಾನದ್ದು ಅಂದುಕೊಳ್ಳಬೇಡಿ. ಅದು ಇಂಗ್ಲೆಂಡಿನಿಂದ ಶೀಶೆಯಲ್ಲಿ ಬರುತ್ತಿದ್ದ ಖಾರದ ಸಾಸು. ಪೂರ್ವದೇಶದ ಊರಿನ ಹೆಸರು ಅಂಟಿಸಿದರೆ ಸರಕು ಮಾರಾಟವಾಗುತ್ತದೆ ಎಂಬುದನ್ನು ಇಂಗ್ಲಿಷರು ಬಲ್ಲವರಾಗಿದ್ದರು. ಫ್ರೆಂಚ್ ಹೆಸರಿನ ಬಾಣಸಿಗ, ರಷ್ಯದ ಕಾಡಿನ ಹಕ್ಕಿ, ಹೊಳೆಯ ಕ್ರೇಫಿಶ್, ಕಾಬೂಲಿನ ಹೆಸರಿನ ಇಂಗ್ಲಿಷ್ ಸಾಸು. ಈ ಬಟ್ಟಲಿನಲ್ಲಿ ಮೂಲ ಎಂಬುದನ್ನು ಹುಡುಕಲು ಹೊರಟಿದ್ದೆ ನಾನು.

ಜನಪ್ರಿಯ ಕತೆಯೊಂದಿದೆ. ಒಲಿವಿಯೆ ಮೊದಲು ಇದನ್ನು ಕಲಸುತ್ತಲೇ ಇರಲಿಲ್ಲವಂತೆ. ಹಕ್ಕಿಯ ಮಾಂಸದ ಹೋಳುಗಳನ್ನು ಜೋಡಿಸಿ, ಸುತ್ತ ಕ್ರೇಫಿಶ್ ಬಾಲ, ನಡುವೆ ಆಲೂಗಡ್ಡೆ, ಮೊಟ್ಟೆ ಇಟ್ಟು ಚಿತ್ರದಂತೆ ಅಲಂಕರಿಸುತ್ತಿದ್ದ. ರಷ್ಯನ್ ಗಿರಾಕಿಗಳು ಚಮಚ ಹಾಕಿ ಎಲ್ಲವನ್ನೂ ಕಲಸಿ ತಿನ್ನುವುದನ್ನು ಕಂಡು ಬೇಸತ್ತು, ತಾನೇ ಕಲಸಿ ಕೊಡತೊಡಗಿದ. ನನಗೆ ಈ ಕತೆಯ ಮೇಲೆ ನಂಬಿಕೆ ಕಡಿಮೆ. ನಾಜೂಕಿನ ಫ್ರೆಂಚನನ್ನೂ ಒರಟು ರಷ್ಯನ್ನನ್ನೂ ಎದುರುಬದುರು ನಿಲ್ಲಿಸುವ ಚಪಲ ಅದರಲ್ಲಿ ಎದ್ದು ಕಾಣುತ್ತದೆ. ಅನ್ನ, ಸಾರು, ಪಲ್ಯವನ್ನು ಕಲಸಿ ಉಣ್ಣುವ ನಮ್ಮ ಬಗ್ಗೆಯೂ ಇಂಥ ಕತೆಗಳನ್ನು ಕಟ್ಟಿದವರಿದ್ದಾರೆ.

ಇನ್ನೊಂದು ತೊಡಕನ್ನು ನಾನು ಆಮೇಲೆ ತಿಳಿದೆ. ಎರ್ಮಿತಾಜ್ ಬಾಗಿಲು ತೆರೆಯುವುದಕ್ಕೂ ಮೊದಲೇ, 1840ರ ದಶಕದಲ್ಲಿ, ಲಂಡನ್ನಿನಲ್ಲಿ ಒಂದು ಪಾಕಪುಸ್ತಕ ಬಂದಿತ್ತು. ಸ್ವಲ್ಪ ಕಾಲ ವಿಕ್ಟೋರಿಯಾ ರಾಣಿಯ ಬಾಣಸಿಗನಾಗಿದ್ದ ಚಾರ್ಲ್ಸ್ ಎಲ್ಮೆ ಫ್ರಾಂಕಟೆಲಿ ಬರೆದ 'ದಿ ಮಾಡರ್ನ್ ಕುಕ್'. ಅದರಲ್ಲಿ 'ರಷ್ಯನ್ ಸಾಲಡ್' ಎಂಬ ಹೆಸರಿನ ಪಾಕವೇ ಇದೆ. ಅದರಲ್ಲಿರುವುದು ಬಹುಪಾಲು ಸಮುದ್ರದ್ದು: ಲಾಬ್‌ಸ್ಟರ್, ಆಂಚೊವಿ, ಟ್ಯೂನಾ, ಸೀಗಡಿ. ಅವನ್ನು ಕಲಸುವುದು ಕೆಂಪಾಗಿಸಿದ ಮೇಯೊನೇಸಿನಲ್ಲಿ. ಅಂದರೆ ರಷ್ಯಾದ ಹೆಸರಿನ ಮೀನಿನ ಸಾಲಡ್ ಇಂಗ್ಲಿಷ್ ಪುಸ್ತಕದಲ್ಲಿ ಮೊದಲೇ ಇತ್ತು. ಮಾಸ್ಕೋದ ಗುಟ್ಟಿನ ಪಾಕ ಆಮೇಲಿನದು. ಇದು ನನಗೆ 2019ರಲ್ಲೇ ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡು ಬಟಾಣಿ ಡಬ್ಬಿ ತೆರೆಯುತ್ತಿದ್ದೆ.

* * *

ಆ ಸಂಜೆ ಮಾಡಿದ್ದು ಹೀಗೆ. ನೀರಿಗೆ ಉಪ್ಪು, ಸಬ್ಬಸಿಗೆಯ ದಂಟು, ಕರಿಮೆಣಸು ಹಾಕಿ ಕುದಿಸಿ, ಉರಿ ಆರಿಸಿದ ಮೇಲೆ ಸೀಗಡಿ ಹಾಕಿದೆ. ತಣ್ಣಗೆ ತಿನ್ನುವ ಸೀಗಡಿಯನ್ನು ಕುದಿಯುವ ನೀರಿನಲ್ಲಿ ಬಿಟ್ಟರೆ ರಬ್ಬರ್ ಆಗುತ್ತದೆ. ಅರ್ಧಚಂದ್ರದಂತೆ ಬಾಗಿದಾಗ ತೆಗೆಯಬೇಕು, ಬಳೆಯಂತೆ ಸುರುಳಿ ಸುತ್ತಿಕೊಂಡರೆ ಕೆಟ್ಟಿತು. ತೆಗೆದ ಕೂಡಲೇ ಐಸ್ ನೀರಿಗೆ ಹಾಕಿದೆ. ಐಸಿಗೆ ಬರವಿರಲಿಲ್ಲ, ಚಳಿಗಾಲದ ಮಾಸ್ಕೋ ಅದು. ರ್‍ಯಾಬ್ಚಿಕ್ ಬದಲು ಕೋಳಿಯ ಎದೆಮಾಂಸ. ಟ್ರಫಲ್ ನನ್ನ ವಿದ್ಯಾರ್ಥಿವೇತನಕ್ಕೆ ಎಟುಕುವ ವಸ್ತುವಲ್ಲ. ಪ್ರೊವಾನ್ಸಾಲ್ ಎಂದರೆ ಮೇಯೊನೇಸೇ: ಮೊಟ್ಟೆಯ ಹಳದಿ, ಸಾಸಿವೆ, ವಿನೆಗರ್, ಅದಕ್ಕೆ ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತ ಕಡೆಯಬೇಕು. ಮೊದಲ ಸಲ ಒಡೆದುಹೋಯಿತು. ಅಜ್ಜಿ ಬಂದು ನೋಡಿ, ಇನ್ನೊಂದು ಹಳದಿಯನ್ನು ಬೇರೆ ಬಟ್ಟಲಿಗೆ ಹಾಕಿ, ಒಡೆದದ್ದನ್ನು ಅದಕ್ಕೆ ಚಮಚ ಚಮಚವಾಗಿ ಸೇರಿಸಿ ಕಡೆ ಎಂದರು. ಕೂಡಿಕೊಂಡಿತು. ಅಂಗಡಿಯ ಮೇಯೊನೇಸ್ ತಂದು ಸುರಿಯುವ ಇವರಿಗೆ ಇದು ಹೇಗೆ ಗೊತ್ತು ಎಂದು ನಾನು ಒಳಗೊಳಗೆ ಆಶ್ಚರ್ಯಪಟ್ಟೆ. ಆಶ್ಚರ್ಯಪಟ್ಟದ್ದಕ್ಕೆ ನಾಚಿಕೆಯಾದದ್ದು ತಡವಾಗಿ.

ಉದ್ದನೆಯ ಪಿಂಗಾಣಿ ತಟ್ಟೆಗೆ ಲೆಟಿಸ್ ಹಾಸಿ, ನಡುವೆ ಕಲಸಿದ ಗುಡ್ಡೆ ಮಾಡಿ, ಸುತ್ತ 15 ಸೀಗಡಿಗಳನ್ನು ಬಾಲ ಮೇಲಾಗಿ ನಿಲ್ಲಿಸಿದೆ. ಮೇಲೆ ಕೇಪರ್ ಮೊಗ್ಗುಗಳು, ಆಲಿವ್, ಸಬ್ಬಸಿಗೆಯ ಎಳೆ. ಚಂದವಿತ್ತು, ಸುಳ್ಳು ಹೇಳುವುದಿಲ್ಲ. 31ರ ರಾತ್ರಿ ಮೇಜಿನ ಮೇಲೆ ಅದನ್ನಿಟ್ಟು, ಬಂದಿದ್ದ ನೆರೆಯವರಿಬ್ಬರ ಮುಂದೆ ನನ್ನ ಹರಕು ರಷ್ಯನ್ನಿನಲ್ಲಿ ಒಂದು ಭಾಷಣವನ್ನೂ ಮಾಡಿದೆ: ಇದು ಅಸಲಿ, ಕ್ರಾಂತಿಗೂ ಮೊದಲಿನದು, ನೀವು ಈಗ ತಿನ್ನುವುದು ಕೆಟ್ಟುಹೋದ ರೂಪ. 'ಕೆಟ್ಟುಹೋದ' ಎಂಬುದಕ್ಕೆ ನಾನು ಬಳಸಿದ ಪದ ಹಾಳಾದ ಆಹಾರಕ್ಕೆ ಬಳಸುವಂಥದ್ದು ಎಂದು ನೆರೆಮನೆಯಾಕೆಯ ಮುಖ ನೋಡಿ ತಿಳಿಯಿತು.

ಅಜ್ಜಿ ಒಂದು ಸೀಗಡಿ ತಿಂದರು. ಗುಡ್ಡೆಯಿಂದ ಒಂದು ಚಮಚ ತಿಂದರು. "ರುಚಿಯಾಗಿದೆ ಮಗಳೇ," ಎಂದರು. ಆಮೇಲೆ, "ಒಲಿವಿಯೆ ಎಲ್ಲಿ?" ಎಂದು ಕೇಳಿ, ಫ್ರಿಜ್ಜಿನಿಂದ ತಮ್ಮ ಎನಾಮಲ್ ಬೋಗುಣಿ ತಂದಿಟ್ಟರು.

* * *

ಆ ಬೋಗುಣಿಯ ಚರಿತ್ರೆ ಎರ್ಮಿತಾಜಿನದಕ್ಕಿಂತ ದೊಡ್ಡದು. 1917ರಲ್ಲಿ ಹೋಟೆಲು ಮುಚ್ಚಿತು. ಮುಂದೆ ಆ ಕಟ್ಟಡ, ಊರಿಂದ ಬರುವ ರೈತರು ತಂಗುವ 'ರೈತರ ಮನೆ'ಯಾಯಿತು, ಆಮೇಲೆ ನಾಟಕಶಾಲೆಯಾಯಿತು. ಕ್ರಿಸ್‌ಮಸ್ ಕೂಡ ಹೋಯಿತು. 1920ರ ದಶಕದ ಕೊನೆಯ ಹೊತ್ತಿಗೆ ಹಬ್ಬದ ಫರ್ ಮರವನ್ನು ಮೂಢನಂಬಿಕೆಯೆಂದು ಹೊರಗೆ ಹಾಕಿದ್ದರು. 1935ರ ಡಿಸೆಂಬರ್ 28ರಂದು 'ಪ್ರಾವ್ದಾ'ದಲ್ಲಿ ಪಾವೆಲ್ ಪೊಸ್ತಿಶೆವ್ ಬರೆದ ಒಂದು ಚಿಕ್ಕ ಪತ್ರ ಬಂತು: ಮಕ್ಕಳಿಗೆ ಹೊಸ ವರ್ಷದ ಮರ ಮರಳಿ ಕೊಡೋಣ. ನಾಲ್ಕೇ ದಿನದಲ್ಲಿ ಮರ ಬಂತು, ಕ್ರಿಸ್‌ಮಸ್ಸಿನ ಹೆಸರಿಲ್ಲದೆ, ಹೊಸ ವರ್ಷದ ಹೆಸರಿನಲ್ಲಿ. ಈ ಪೊಸ್ತಿಶೆವ್ 1933ರ ಕ್ಷಾಮದ ವರ್ಷ ಉಕ್ರೇನಿನಲ್ಲಿ ಪಕ್ಷದ ಮುಂಚೂಣಿಯಲ್ಲಿ ನಿಂತು ಧಾನ್ಯ ವಸೂಲಿ ನಡೆಸಿದವನು. 1939ರಲ್ಲಿ ಅವನನ್ನೂ ಗುಂಡಿಕ್ಕಿ ಕೊಂದರು. ಮಕ್ಕಳ ಮರಕ್ಕೆ ಹಾಡು ಕಟ್ಟಿದವರು ಅವನನ್ನು ನೆನೆಯುವುದಿಲ್ಲ.

ಮರ ಬಂದ ಮೇಲೆ ಮೇಜು ತುಂಬಬೇಕಲ್ಲ. 1936 ವಿಚಿತ್ರವಾದ ವರ್ಷ. ಆಹಾರ ಉದ್ಯಮದ ಕಮಿಸಾರ್ ಅನಸ್ತಾಸ್ ಮಿಕೊಯಾನ್ ಆ ವರ್ಷ ಅಮೆರಿಕದಲ್ಲಿ ಸುಮಾರು ಎರಡು ತಿಂಗಳು ಸುತ್ತಿ ಡಬ್ಬಿಯ ಕಾರ್ಖಾನೆ, ಐಸ್‌ಕ್ರೀಮ್ ಕಾರ್ಖಾನೆಗಳನ್ನು ನೋಡಿಬಂದ. ಕಾರ್ಖಾನೆಯ 'ಪ್ರೊವಾನ್ಸಾಲ್' ಮೇಯೊನೇಸ್ ಶುರುವಾದದ್ದು 1936ರಲ್ಲಿ. ಆರೋಗ್ಯ ಕೆಟ್ಟವರಿಗೆಂದು ಹೊರತಂದ ಡಾಕ್ಟರ್ ಸಾಸೇಜ್ ಬಂದದ್ದೂ 1936ರಲ್ಲಿ. 'ಸೋವಿಯತ್ ಶಾಂಪೇನ್' ತಯಾರಿಸುವ ಸರ್ಕಾರಿ ನಿರ್ಣಯವೂ 1936ರದೇ. ಮಾಸ್ಕೋದ ಮೊದಲ ಪ್ರದರ್ಶನ ವಿಚಾರಣೆ ನಡೆದು ಹದಿನಾರು ಜನರಿಗೆ ಮರಣದಂಡನೆಯಾದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಕ್ಷಾಮ ಕಳೆದು ಮೂರು ವರ್ಷವಾಗಿತ್ತಷ್ಟೆ. ಒಲಿವಿಯೆಯ ಇಂದಿನ ರೂಪದ ಮುಖ್ಯ ಸಾಮಾನುಗಳು ಹುಟ್ಟಿದ್ದು ಈ ಹೊತ್ತಿನಲ್ಲಿ. 1939ರಲ್ಲಿ ಮಿಕೊಯಾನನ ಸಚಿವಾಲಯ ತಂದ 'ರುಚಿಕರ ಮತ್ತು ಆರೋಗ್ಯಕರ ಆಹಾರದ ಪುಸ್ತಕ' ಅಡುಗೆ ಪುಸ್ತಕವೂ ಹೌದು, ತುಂಬಿದ ಮೇಜು ಹೀಗಿರಬೇಕೆಂದು ಹೇಳುವ ಚಿತ್ರಪಟವೂ ಹೌದು. ಅದರ ಆಮೇಲಿನ ಮುದ್ರಣಗಳನ್ನು ಮನೆಮನೆಯಲ್ಲಿಯೂ ಇಟ್ಟುಕೊಂಡರು. ಅಜ್ಜಿಯ ಬಳಿ ಇದ್ದದ್ದು ತಾಯಿಯಿಂದ ಬಂದ ಪ್ರತಿ. ಅದರ ಪುಟಗಳಲ್ಲಿ ಎಣ್ಣೆ ಕಲೆಗಳಿರಲಿಲ್ಲ. "ಅದು ಓದಲು, ಅಡುಗೆಗಲ್ಲ," ಎಂದಿದ್ದರು ಒಮ್ಮೆ.

ಮಾಸ್ಕೋದ ಹೋಟೆಲುಗಳಲ್ಲಿ ಅದೇ ಸಾಲಡ್ 'ಸ್ತೊಲಿಚ್ನಿ', ಅಂದರೆ ರಾಜಧಾನಿಯ ಸಾಲಡ್, ಎಂಬ ಹೆಸರು ಹೊತ್ತು ಬಂತು. ರ್‍ಯಾಬ್ಚಿಕ್ ಹೋಗಿ ಕೋಳಿ ಬಂತು. ಕಾಬೂಲ್ ಸಾಸಿನ ಜಾಗಕ್ಕೆ ಸೋಯಾದಿಂದ ಮಾಡಿದ ಸೋವಿಯತ್ 'ಯೂಜ್ನಿ' ಸಾಸು. ಕ್ರೇಫಿಶ್ಶಿನ ಕಿತ್ತಳೆ ಬಣ್ಣ ಹೋಗಬಾರದೆಂದು ಕ್ಯಾರೆಟ್ ಬಂತು ಎಂದು ಹೇಳುವವರಿದ್ದಾರೆ. ನಿಜವೋ ಸುಳ್ಳೋ, ಆ ಮಾತಿನ ದುಃಖ ನನಗೆ ಇಷ್ಟ. ಹೋಟೆಲಿನ ಪಾಕದಲ್ಲಿ ಮಾತ್ರ ಮೇಲೆ ಅಲಂಕಾರಕ್ಕೆಂದು ಒಂದಿಷ್ಟು ಡಬ್ಬಿಯ ಏಡಿ ಮಾಂಸ ಉಳಿದುಕೊಂಡಿತ್ತು.

ಆ ಏಡಿಯ ಕತೆ ಇನ್ನೂ ದೂರದ್ದು. ಕಮ್ಚಾತ್ಕಾ ಏಡಿ ಇರುವುದು ಮಾಸ್ಕೋದಿಂದ ಆರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಪೂರ್ವದ ಪೆಸಿಫಿಕ್ ನೀರಿನಲ್ಲಿ, ಕಾಲು ಬಿಡಿಸಿದರೆ ಮೀಟರಿಗೂ ಮೀರುವ ದೈತ್ಯ. ಹಿಡಿದ ಹಡಗಿನಲ್ಲಿಯೇ ಬೇಯಿಸಿ ಡಬ್ಬಿಗೆ ತುಂಬುತ್ತಿದ್ದರು. ಅದೇ ನೀರಿನಲ್ಲಿ ಜಪಾನಿನ ಏಡಿ ಹಡಗುಗಳೂ ಇದ್ದವು. ಕೊಬಯಾಶಿ ತಕಿಜಿ 1929ರಲ್ಲಿ ಬರೆದ 'ಕಾನಿಕೋಸೆನ್' (ಏಡಿ ಡಬ್ಬಿಯ ಹಡಗು) ಕಾದಂಬರಿ ಅಂಥ ಹಡಗಿನ ಕೂಲಿಗಳ ನರಕವನ್ನು ಹೇಳುತ್ತದೆ. 1933ರಲ್ಲಿ ಟೋಕಿಯೋ ಪೊಲೀಸರ ಚಿತ್ರಹಿಂಸೆಯಲ್ಲಿ ತಕಿಜಿ ಸತ್ತ, ಆಗವನಿಗೆ 29 ವರ್ಷ. ಹಬ್ಬದ ಮೇಜಿನ ಏಡಿ ಎಂದಾಗ ನನಗೆ ಈಗ ಮೊದಲು ನೆನಪಾಗುವುದು ಎರ್ಮಿತಾಜಿನ ರೇಷ್ಮೆ ನಡುಪಟ್ಟಿಯಲ್ಲ, ಆ ಕಾದಂಬರಿ.

ಸೋವಿಯತ್ ಅಂಗಡಿಗಳಲ್ಲಿ 1930ರ ದಶಕದಲ್ಲಿ ಏಡಿ ಡಬ್ಬಿಗಳು ಗೋಪುರ ಕಟ್ಟಿ ನಿಂತಿದ್ದವಂತೆ. ರೊಟ್ಟಿ, ಮಾಂಸ ಬೇಕಿದ್ದ ಜನರಿಗೆ ಈ ಕಾಲುಗಳ ಪ್ರಾಣಿ ಬೇಡವಾಗಿತ್ತು. ಎಲ್ಲರೂ ಏಡಿಯ ರುಚಿ ನೋಡಿ ಎಂದು ಸರ್ಕಾರವೇ ಬಣ್ಣಬಣ್ಣದ ಪೋಸ್ಟರ್ ಹಾಕಿಸಿತು. ಮುಂದೆ ರುಚಿ ಹತ್ತಿದ ಹೊತ್ತಿಗೆ ಡಬ್ಬಿ ಮಾಯವಾಯಿತು. 'ಚಾತ್ಕಾ' ಎಂಬ ಲೇಬಲಿನಲ್ಲಿ ಅದು ಹೊರದೇಶಕ್ಕೆ ಹೋಗುತ್ತಿತ್ತು, ಡಾಲರು ತರುತ್ತಿತ್ತು.

* * *

ಆ ರಾತ್ರಿ ಹನ್ನೆರಡಾಗಲು ಇನ್ನೂ ಹೊತ್ತಿತ್ತು. ಟೀವಿಯಲ್ಲಿ ಎಲ್ದಾರ್ ರ್‍ಯಜಾನೊವ್‌ನ 'ವಿಧಿಯ ವ್ಯಂಗ್ಯ' ಸಿನಿಮಾ ಓಡುತ್ತಿತ್ತು. 1976ರ ಜನವರಿ 1ರಂದು ಮೊದಲು ಪ್ರಸಾರವಾದದ್ದು ಪ್ರತಿ ಹೊಸ ವರ್ಷಕ್ಕೂ ಬರುತ್ತದೆ. ನೆರೆಯವರು ಹೋದ ಮೇಲೆ ಅಜ್ಜಿ ಒಂದು ಚಪ್ಪಟೆ ತಗಡಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಒಳಗೆ ಗುಂಡಿಗಳು, ಅಂಗಿಯವು, ಕೋಟಿನವು. ಹೊರಗೆ ಉಜ್ಜಿಹೋದ ಏಡಿಯ ಚಿತ್ರ.

1987ರಲ್ಲಿ ಅವರು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಹಬ್ಬದ ಪೊಟ್ಟಣ ಕೊಟ್ಟಿದ್ದರಂತೆ. ಸೋವಿಯತ್ ಕಾಲದಲ್ಲಿ ಅಂಗಡಿಯಲ್ಲಿ ಸಿಗದ್ದು ಕೆಲಸದ ಜಾಗದಲ್ಲಿ ಹೀಗೆ ಸಿಗುತ್ತಿತ್ತು: ಒಂದು ಶೀಶೆ ಮೇಯೊನೇಸ್, ಒಂದು ಡಬ್ಬಿ ಹಂಗೆರಿಯ 'ಗ್ಲೋಬಸ್' ಬಟಾಣಿ, ಒಂದು ಸಾಸೇಜ್. ಆ ವರ್ಷ ಒಂದು ಏಡಿ ಡಬ್ಬಿಯೂ ಇತ್ತು. ಬಟಾಣಿ ಹೊಸ ವರ್ಷಕ್ಕೆ ಹೋಯಿತು. ಏಡಿಯನ್ನು ಅವರ ತಾಯಿ ಕಪಾಟಿನ ಮೇಲ್ಗಡೆ ಇಟ್ಟರು, ಮೊಮ್ಮಗಳ ಮದುವೆಗೆ. 1988 ಹೋಯಿತು, 89 ಹೋಯಿತು. ಅಂಗಡಿಗಳು ಖಾಲಿಯಾಗುತ್ತ ಬಂದವು. 1991ರ ಡಿಸೆಂಬರ್ 25ರಂದು ಗೊರ್ಬಚೆವ್ ರಾಜೀನಾಮೆ ಕೊಟ್ಟ. ಜನವರಿ 2ರಿಂದ ಬೆಲೆಗಳ ಮೇಲಿನ ಹತೋಟಿ ತೆಗೆಯುತ್ತಾರೆ ಎಂದು ಗೊತ್ತಿದ್ದ ವ್ಯಾಪಾರಿಗಳು ಇದ್ದದ್ದನ್ನೂ ಬಚ್ಚಿಟ್ಟರು. ಡಿಸೆಂಬರ್ 31ರಂದು ಮನೆಯಲ್ಲಿ ಇದ್ದದ್ದು ಆಲೂಗಡ್ಡೆ, ಉಪ್ಪಿನಲ್ಲಿಟ್ಟ ಸೌತೆ, ಎರಡು ಮೊಟ್ಟೆ. ಸಾಸೇಜಿಲ್ಲ, ಬಟಾಣಿಯಿಲ್ಲ, ಮೇಯೊನೇಸಿಲ್ಲ.

"ಅಮ್ಮ ಕುರ್ಚಿ ಹತ್ತಿ ಏಡಿ ಇಳಿಸಿದಳು," ಎಂದರು ಅಜ್ಜಿ. "ಒಂದು ಮೊಟ್ಟೆಯ ಹಳದಿ, ಸೂರ್ಯಕಾಂತಿ ಎಣ್ಣೆ, ಸಾಸಿವೆ. ಫೋರ್ಕಿನಲ್ಲಿ ಕಡೆದಳು. ಒಡೆಯಿತು. ಇನ್ನೊಂದು ಮೊಟ್ಟೆಯ ಹಳದಿ ಹಾಕಿ ಸರಿಮಾಡಿದಳು. ಸಾಲಡ್ಡಿಗೆ ಹಾಕಲು ಬಿಳಿ ಮಾತ್ರ ಉಳಿಯಿತು."

ಅಂದರೆ ಆ ಮನೆಯಲ್ಲಿ ಆಲೂಗಡ್ಡೆ, ಏಡಿ, ಮನೆಯಲ್ಲೇ ಕಡೆದ ಪ್ರೊವಾನ್ಸಾಲ್ ಇದ್ದ ಸಾಲಡ್, ನಾನು 'ಅಸಲಿ' ಎಂದದ್ದಕ್ಕೆ ಹತ್ತಿರದ್ದು, ಒಂದೇ ಸಲ ಆಗಿತ್ತು. ಅವರು ಅತಿ ಬಡವರಾಗಿದ್ದ ರಾತ್ರಿ.

"ನಾನು ಅತ್ತೆ. ಏಡಿ ಹೋಯಿತಲ್ಲ ಎಂದಲ್ಲ. ಅದು ಒಲಿವಿಯೆಯ ಹಾಗಿರಲಿಲ್ಲ. ಬಟಾಣಿಯಿರಲಿಲ್ಲ."

ನಾನು ಏನೋ ಹೇಳಲು ಹೋದೆ, ಒಲಿವಿಯೆಯ ಹೆಸರು ಮತ್ತೆ ಬಾಯಿಗೆ ಬಂತು. ಅಜ್ಜಿ ನಕ್ಕರು. "ನಿನ್ನ ಆ ಫ್ರೆಂಚನಿಗೆ ಯಾರೂ ಮೂರು ಗಂಟೆ ಸಾಲಿನಲ್ಲಿ ನಿಂತು ಬಟಾಣಿ ತಂದುಕೊಟ್ಟಿರಲಿಲ್ಲ, ಪಾಪ."

* * *

ನನ್ನ ಸಂಶೋಧನೆ ಅಡುಗೆಯದ್ದಲ್ಲ. ಸೋವಿಯತ್ ಕಾಲದಲ್ಲಿ ಕನ್ನಡಕ್ಕೆ ಬಂದ ರಷ್ಯನ್ ಪುಸ್ತಕಗಳ ಬಗ್ಗೆ. ಮಾಸ್ಕೋದ ಪ್ರಗತಿ, ರಾದುಗ ಪ್ರಕಾಶನಗಳು ಅಚ್ಚು ಹಾಕಿ, ಬೆಂಗಳೂರಿನ ನವಕರ್ನಾಟಕದಂಥವರು ಮಾರಿದ, ಗಟ್ಟಿ ರಟ್ಟಿನ ಅಗ್ಗದ ಪುಸ್ತಕಗಳು ನಮ್ಮ ಊರಿನ ಶಾಲೆಯ ಕಪಾಟಿಗೂ ಬಂದಿದ್ದವು. ರಷ್ಯನ್ ಕಲಿಯಬೇಕೆಂಬ ಆಸೆ ಹುಟ್ಟಿದ್ದೇ ಅಲ್ಲಿ. ರಷ್ಯನ್ ಕತೆ, ಕಾದಂಬರಿಗಳ ಕನ್ನಡ ಅನುವಾದಗಳಲ್ಲಿ ಎಷ್ಟೋ ಇಂಗ್ಲಿಷಿನ ಮೂಲಕ ಬಂದವು. ನನ್ನ ಸಂಶೋಧನಾ ಪ್ರಸ್ತಾವದ ಮೊದಲ ಕರಡಿನಲ್ಲಿ ಒಂದು ಅಧ್ಯಾಯಕ್ಕೆ 'ಮೂಲದಿಂದ ಜಾರಿದ ಪಠ್ಯಗಳು' ಎಂದು ಹೆಸರಿಟ್ಟಿದ್ದೆ. ಯಾವ ವಾಕ್ಯ ರಷ್ಯನ್ನಿಂದ ಎಷ್ಟು ದೂರ ಸರಿದಿದೆ ಎಂದು ಕೋಷ್ಟಕ ಮಾಡುವ ಯೋಜನೆ. ಮಾರ್ಗದರ್ಶಕರು ಅದನ್ನು ಮೆಚ್ಚಿದ್ದರು ಕೂಡ. ಮಾಸ್ಕೋದಿಂದ ಬಂದ ಮೇಲೆ ಕೋಷ್ಟಕ ಬಿಟ್ಟೆ. ಆ ಪುಸ್ತಕಗಳನ್ನು ಯಾರು ಓದಿದರು, ಎಲ್ಲಿ ಕೊಂಡರು, ಯಾವ ಪುಟಕ್ಕೆ ಗೆರೆ ಹಾಕಿದರು ಎಂದು ಕೇಳುತ್ತ ಕುಂದಾಪುರದಿಂದ ರಾಯಚೂರಿನವರೆಗೆ ಓಡಾಡಿದೆ. ಇದರಿಂದ ಒಂದೂವರೆ ವರ್ಷ ತಡವಾಗಿದೆ, ಶಿಷ್ಯವೇತನ ಮುಗಿದಿದೆ. ಸರಿಯಾದದ್ದನ್ನೇ ಮಾಡಿದೆನೇ ಎಂಬುದು ಮೌಖಿಕ ಪರೀಕ್ಷೆಯ ದಿನ ತಿಳಿಯುತ್ತದೆ.

ಒಲಿವಿಯೆಯ ಸಂತಾನ ಊರೂರಿನಲ್ಲಿ ಹರಡಿದೆ. ಸ್ಪೇನಿನವರು ಟ್ಯೂನಾ, ಸೀಗಡಿ ಹಾಕುತ್ತಾರೆ. ಫ್ರಾಂಕೋನ ಕಾಲದಲ್ಲಿ 'ರಷ್ಯನ್' ಎಂಬ ಹೆಸರು ಬೇಡವಾಗಿ 'ರಾಷ್ಟ್ರೀಯ ಸಾಲಡ್' ಎಂದದ್ದುಂಟು. ತುರ್ಕಿಯಲ್ಲಿ ಅದನ್ನೇ 'ಅಮೆರಿಕನ್ ಸಾಲಡ್' ಎನ್ನುವವರಿದ್ದಾರೆ. ಇರಾನಿನವರದು ಕೋಳಿ. ನಮ್ಮ ಮದುವೆಗಳ ಬಫೆಯಲ್ಲಿ ಬರುವ 'ರಷ್ಯನ್ ಸಾಲಡ್'ನಲ್ಲಿ ಮೊಟ್ಟೆಯಿಲ್ಲದ ಮೇಯೊನೇಸ್, ಡಬ್ಬಿಯ ಅನಾನಸ್, ಕೆಲವೊಮ್ಮೆ ದಾಳಿಂಬೆ. ಮೊದಲು ಅದನ್ನು ನೋಡಿ ನಗುತ್ತಿದ್ದೆ. ಈಗ ಎರಡನೆಯ ಸಲ ಹಾಕಿಸಿಕೊಳ್ಳುತ್ತೇನೆ.

ಹೇಳಲು ಬಿಟ್ಟದ್ದೊಂದಿದೆ. ಆ ರಾತ್ರಿ ಮೇಜಿನ ಮೇಲೆ ಮೂರನೆಯ ಸಾಲಡ್ಡೂ ಇತ್ತು, ನೆರೆಮನೆಯಾಕೆ ತಂದದ್ದು: ಅನ್ನ, ಜೋಳದ ಕಾಳು, ಮೊಟ್ಟೆ, 'ಏಡಿ ಕಡ್ಡಿ'. ಏಡಿ ಕಡ್ಡಿಯಲ್ಲಿ ಏಡಿಯಿರುವುದಿಲ್ಲ. ಜಪಾನಿನಲ್ಲಿ 1970ರ ದಶಕದಲ್ಲಿ ಶುರುವಾದದ್ದು ಅದು. ಬಿಳಿ ಮೀನಿನ ಮಾಂಸವನ್ನು ತೊಳೆದು ಅರೆದು ಮಾಡಿದ 'ಸುರಿಮಿ' ಎಂಬ ಹಿಟ್ಟಿಗೆ ಏಡಿಯ ಬಣ್ಣ, ವಾಸನೆ ಕೊಟ್ಟು ಕಡ್ಡಿ ಮಾಡುತ್ತಾರೆ. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟದಲ್ಲೂ ತಯಾರಿ ಶುರುವಾಗಿ, ಈಗ ರಷ್ಯಾದ ಯಾವ ಹಬ್ಬವೂ ಅದಿಲ್ಲದೆ ಆಗುವುದಿಲ್ಲ. ಸುರಿಮಿ ನಮ್ಮ ಕರಾವಳಿಯಲ್ಲಿಯೂ ತಯಾರಾಗಿ ಹೊರದೇಶಕ್ಕೆ ಹೋಗುತ್ತದೆ, ಮುಖ್ಯವಾಗಿ ಮದ್ಮಲ್ ಮೀನಿನಿಂದ. ನಮ್ಮ ಚಿಕ್ಕಮ್ಮ ಮೂರು ವರ್ಷ ಅಂಥದೊಂದು ಘಟಕದಲ್ಲಿ ಮದ್ಮಲ್ ತಲೆ ತೆಗೆಯುವ ಕೆಲಸ ಮಾಡಿದ್ದರು. ಐಸಿನಲ್ಲಿ ಕೈಬೆರಳು ಮರಗಟ್ಟಿ, ಮನೆಗೆ ಬಂದರೆ ಲೋಟ ಹಿಡಿಯಲಾಗುತ್ತಿರಲಿಲ್ಲ. ಆ ಪೊಟ್ಟಣವನ್ನು ಅಡುಗೆಮನೆಯಲ್ಲಿ ಹುಡುಕಿ ಹಿಂದೆ ಮುಂದೆ ತಿರುಗಿಸಿ ಓದಿದೆ. 'ಸುರಿಮಿ' ಎಂದಷ್ಟೇ ಇತ್ತು, ಯಾವ ಮೀನು, ಯಾವ ಕಡಲು ಎಂದಿರಲಿಲ್ಲ.

ಕಳೆದ ಹೊಸ ವರ್ಷಕ್ಕೆ ಊರಿನಲ್ಲಿದ್ದೆ. ಗಂಗೊಳ್ಳಿ ಬಂದರಿನಿಂದ ಒಳ್ಳೆಯ ಚಟ್ಲಿ ತಂದು ಒಲಿವಿಯೆ ಮಾಡಿದೆ, ಈ ಸಲ ಬಟಾಣಿ ಹಾಕಿ. ಅಮ್ಮ ತಟ್ಟೆಯ ಸುತ್ತ ನಿಲ್ಲಿಸಿದ ಚಟ್ಲಿಗಳನ್ನು ನೋಡಿದರು.

"ಇಷ್ಟ್ ಒಳ್ಳೆ ಚಟ್ಲಿ ಹೀಂಗೆ ತಣ್ಣಗೆ ತಿಂಬುದಾ ಹೆಣೆ?" ಎಂದು, ಅರ್ಧ ಎತ್ತಿಕೊಂಡು ಹೋಗಿ ತೆಂಗಿನೆಣ್ಣೆಯಲ್ಲಿ ಒಣಮೆಣಸು, ಬೆಳ್ಳುಳ್ಳಿ, ಕರಿಬೇವು ಹಾಕಿ ಹುರಿದು ತಂದು ಮೇಲೆ ಸುರಿದರು. ಮೇಯೊನೇಸ್ ಎಣ್ಣೆಯ ಬಿಸಿಗೆ ಒಡೆಯಿತು. ನಾನು ಇನ್ನೊಂದು ಮೊಟ್ಟೆ ತರಲು ಎದ್ದೆ.